ಬಾಗಿದಷ್ಟೂ ವೇಗ

ಕೆನಡಾದ ಕ್ಯಾಲ್ಗರಿಯಲ್ಲಿ ಒಲಿಂಪಿಕ್ ಓವಲ್ ಎಂಬ ಅಂಗಣವಿದೆ. ಛಾವಣಿಯ ಕೆಳಗೆ 400 ಮೀಟರ್ ಸುತ್ತಳತೆಯ ಮಂಜುಗಡ್ಡೆಯ ಹಾದಿ. ಅಮೆರಿಕದ ಬಾನಿ ಬ್ಲೇರ್ ಈ ಹಾದಿಯ ಮೇಲೆ 1988ರ ಫೆಬ್ರುವರಿಯಲ್ಲಿ 500 ಮೀಟರ್ ದೂರವನ್ನು 39.10 ಸೆಕೆಂಡಿನಲ್ಲಿ ಮುಗಿಸಿದರು. 1994ರ ಮಾರ್ಚ್‌ನಲ್ಲಿ ಅದು 38.99 ಆಯಿತು. 1995ರ ಫೆಬ್ರುವರಿಯಲ್ಲಿ 38.69. ಮೂರೂ ಆಯಾ ಹೊತ್ತಿನ ವಿಶ್ವದಾಖಲೆಗಳು. ಏಳು ವರ್ಷ ದುಡಿದು ಅವರು ಉಳಿಸಿದ ಕಾಲ 0.41 ಸೆಕೆಂಡು.

ಇಂಥದ್ದೊಂದು ಪ್ರಯೋಗವನ್ನು ಯಾವ ಪ್ರಯೋಗಾಲಯವೂ ಬೇಕೆಂದು ಏರ್ಪಡಿಸಲಾರದು. ಅದೇ ಆಟಗಾರ್ತಿ, ಅದೇ ಅಂಗಣ, ಸಮುದ್ರಮಟ್ಟದಿಂದ ಅದೇ ಎತ್ತರ. ಕಾಲಿನಲ್ಲಿ ಹಿಮ್ಮಡಿಯವರೆಗೂ ಬ್ಲೇಡು ಬಿಗಿದ ಅದೇ ಹಳೆಯ ಮಾದರಿಯ ಸ್ಕೇಟು. ಎದ್ದು ಕಾಣುವಂತೆ ಬದಲಾದದ್ದು ವಯಸ್ಸು ಮಾತ್ರ. 23ರಲ್ಲಿದ್ದವರು 30 ಮುಗಿಸುತ್ತಿದ್ದರು. ಸ್ಪ್ರಿಂಟ್ ಎಳೆಯರ ಆಟ, ಮೂವತ್ತರ ಹೊತ್ತಿಗೆ ಕಾಲು ಸೋಲುತ್ತದೆ ಎನ್ನುವವರು ಈ ಮೂರು ಅಂಕಿಗಳನ್ನು ಒಮ್ಮೆ ನೋಡಬೇಕು.

0.41 ಸೆಕೆಂಡು ಎಂದರೆ ಒಟ್ಟು ಹೊತ್ತಿನ ನೂರಕ್ಕೆ ಒಂದು ಪಾಲು. ಕೇಳಲು ಸಣ್ಣದು, ಗಳಿಸಲು ಸಣ್ಣದಲ್ಲ. ಸ್ಕೇಟರ್ ಎದುರಿಸುವ ಒಟ್ಟು ತಡೆಯಲ್ಲಿ ಹತ್ತಕ್ಕೆ ಎಂಟು ಪಾಲಿಗಿಂತ ಹೆಚ್ಚು ಗಾಳಿಯದು, ಉಳಿದದ್ದು ಮಂಜುಗಡ್ಡೆಯದು. ವೇಗ ಏರಿದಂತೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಮೀರಲು ದೇಹ ಪ್ರತಿ ಕ್ಷಣ ವ್ಯಯಿಸಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ನೂರಕ್ಕೆ ಒಂದು ಪಾಲು ವೇಗ ಹೆಚ್ಚಬೇಕಾದರೆ ಕಾಲುಗಳು ನೂರಕ್ಕೆ ಸುಮಾರು ಮೂರು ಪಾಲು ಹೆಚ್ಚು ದುಡಿಯಬೇಕು. ಇಲ್ಲವೇ ದೇಹ ಗಾಳಿಗೆ ಅಷ್ಟು ಕಡಿಮೆ ಸಿಗಬೇಕು, ಒತ್ತಿದ ಬಲ ಅಷ್ಟು ಕಡಿಮೆ ಪೋಲಾಗಬೇಕು. ಬ್ಲೇರ್ ಅವರ ಇಡೀ ಕ್ರೀಡಾಜೀವನವನ್ನು ಈ ಎರಡನೆಯ ದಾರಿಯ ಕಥೆಯಾಗಿ ಓದಬಹುದು. ಅವರಿಗೆ ಬೇರೆ ದಾರಿ ಹೆಚ್ಚಿಗೆ ಇರಲೂ ಇಲ್ಲ. ಎತ್ತರ ಐದು ಅಡಿ ನಾಲ್ಕೈದು ಅಂಗುಲ, ತೂಕ 60 ಕಿಲೋ ಆಸುಪಾಸು. ದೇಹ ದೊಡ್ಡದಾದಂತೆ ಸ್ನಾಯುವಿನ ಶಕ್ತಿ ಬೆಳೆಯುವಷ್ಟು ವೇಗವಾಗಿ ಗಾಳಿಗೆ ಒಡ್ಡಿಕೊಳ್ಳುವ ಮೈಯ ವಿಸ್ತಾರ ಬೆಳೆಯುವುದಿಲ್ಲ. ಹಾಗಾಗಿ ಒಮ್ಮೆ ವೇಗ ಹಿಡಿದ ಮೇಲೆ ಭಾರೀ ಮೈಕಟ್ಟಿನವರಿಗೆ ಲಾಭ. ಚಿಕ್ಕ ಮೈಯವರು ಆ ಕೊರತೆಯನ್ನು ಬೇರೆಲ್ಲಾದರೂ ತುಂಬಿಕೊಳ್ಳಬೇಕು.

ಬಾನಿ ಹುಟ್ಟಿದ್ದು 1964ರ ಮಾರ್ಚ್ 18ರಂದು, ನ್ಯೂಯಾರ್ಕ್ ರಾಜ್ಯದ ಕಾರ್ನ್‌ವಾಲ್‌ನಲ್ಲಿ, ಆರು ಮಕ್ಕಳಲ್ಲಿ ಕೊನೆಯವರಾಗಿ. ಆ ದಿನ ತಂದೆ ಚಾರ್ಲಿ ಉಳಿದ ಮಕ್ಕಳನ್ನು ಕರೆದುಕೊಂಡು ಸ್ಕೇಟಿಂಗ್ ಸ್ಪರ್ಧೆಗೆ ಹೋಗಿದ್ದರು. ಹೆಣ್ಣು ಮಗು ಹುಟ್ಟಿದ ಸುದ್ದಿ ಅವರಿಗೆ ತಿಳಿದದ್ದು ಅಂಗಣದ ಧ್ವನಿವರ್ಧಕದಿಂದ. ಮುಂದೆ ಸಂಸಾರ ಇಲಿನಾಯ್ ರಾಜ್ಯದ ಶಾಂಪೇನ್ ಊರಿಗೆ ಬಂದು ನೆಲೆಸಿತು. ಎರಡು ವರ್ಷದ ಮಗುವಿನ ಕಾಲಿಗೆ ಹೊಂದುವ ಸ್ಕೇಟು ಸಿಗದೆ, ಹಾಕಿದ್ದ ಬೂಟಿನ ಮೇಲೆಯೇ ಸ್ಕೇಟು ತೊಡಿಸಿ ಮಂಜುಗಡ್ಡೆಗೆ ಇಳಿಸಿದ್ದರು.

ಆಗ ಅಮೆರಿಕದ ಮಕ್ಕಳು ಸ್ಪರ್ಧಿಸುತ್ತಿದ್ದುದು ಗುಂಪಾಗಿ. ಎಲ್ಲರೂ ಒಟ್ಟಿಗೆ ಹೊರಟು, ಒಬ್ಬರನ್ನೊಬ್ಬರು ನುಸುಳಿ ದಾಟಿ, ಮೊದಲು ಗೆರೆ ಮುಟ್ಟಿದವರು ಗೆದ್ದರು. ಒಲಿಂಪಿಕ್ ಮಾದರಿಯೇ ಬೇರೆ. ಅಲ್ಲಿ ಇಬ್ಬಿಬ್ಬರಾಗಿ, ನಡುವೆ ಲೇನ್ ಬದಲಿಸಿಕೊಳ್ಳುತ್ತಾ, ಎರಡು ಲೇನ್‌ಗಳಲ್ಲಿ ಹೋಗುತ್ತಾರೆ. ಪಕ್ಕದಲ್ಲಿರುವವರನ್ನು ಸೋಲಿಸಿದರೆ ಸಾಲದು, ದಿನವಿಡೀ ಓಡಿದ ಎಲ್ಲರ ಗಡಿಯಾರವನ್ನೂ ಸೋಲಿಸಬೇಕು. 1979ರಲ್ಲಿ ಕ್ಯಾಥಿ ಪ್ರೀಸ್ಟ್‌ನರ್ ಶಾಂಪೇನ್‌ಗೆ ಬಂದರು. ಕೆನಡಾದ ಈಕೆ 1976ರ ಒಲಿಂಪಿಕ್ಸ್‌ನ 500 ಮೀಟರ್‌ನಲ್ಲಿ ಬೆಳ್ಳಿ ಗೆದ್ದವರು. ಗಡಿಯಾರದ ವಿರುದ್ಧ ಓಡುವುದನ್ನು ಹದಿಹರೆಯದ ಬಾನಿಗೆ ಕಲಿಸಿದವರು ಇವರು. ಆದರೆ ಗುಂಪು ಸ್ಪರ್ಧೆಯ ಕಲಿಕೆ ವ್ಯರ್ಥವಾಗಲಿಲ್ಲ. ಅದರದೇ ಒಳಾಂಗಣ ರೂಪವಾದ ಶಾರ್ಟ್ ಟ್ರ್ಯಾಕ್‌ನಲ್ಲಿ ಬ್ಲೇರ್ 1986ರಲ್ಲಿ ವಿಶ್ವ ಚಾಂಪಿಯನ್ ಆದರು. ಕಿರಿದಾದ ತಿರುವುಗಳಲ್ಲಿ ಮೈ ವಾಲಿಸಿ, ಕಾಲ ಮೇಲೆ ಕಾಲು ದಾಟಿಸುವ ಆ ವಿದ್ಯೆ ಮುಂದೆ ದೊಡ್ಡ ಓವಲ್‌ನಲ್ಲಿ ಅವರ ಕೈಹಿಡಿಯಿತು.

ಯುರೋಪಿನಲ್ಲಿ ತರಬೇತಿ ಪಡೆಯಲು ಹಣ ಬೇಕಿತ್ತು. ಅದನ್ನು ಕೂಡಿಸಲು ಮುಂದೆ ಬಂದವರು ಶಾಂಪೇನ್ ಊರಿನ ಪೊಲೀಸರು. ಲಾಟರಿ ಚೀಟಿ, ಕಾರಿಗೆ ಅಂಟಿಸುವ ಸ್ಟಿಕರ್ ಮಾರಿ ಹಣ ಜೋಡಿಸಿದರು. ವೇಗಮಿತಿ ಮೀರಿದವರಿಗೆ ದಂಡ ಹಾಕುವವರೇ ‘ಇವಳು ನಮ್ಮ ನೆಚ್ಚಿನ ವೇಗಿ’ ಎಂಬ ಅರ್ಥದ ಸ್ಟಿಕರ್ ಹಂಚಿದ್ದರು. ಸರ್ಕಾರವೇ ಆಟಗಾರರನ್ನು ಸಾಕಿ ಬೆಳೆಸುತ್ತಿದ್ದ ಪೂರ್ವ ಜರ್ಮನಿಯ ಎದುರು ಈ ಹುಡುಗಿಯ ಬೆನ್ನಿಗಿದ್ದುದು ಒಂದು ಊರು. 1984ರಲ್ಲಿ ಸರಾಯೆವೊದಲ್ಲಿ ನಡೆದ ತಮ್ಮ ಮೊದಲ ಒಲಿಂಪಿಕ್ಸ್‌ನಲ್ಲಿ ಅವರಿಗೆ ಸಿಕ್ಕಿದ್ದು ಎಂಟನೆಯ ಸ್ಥಾನ.

ಎಂಟರಿಂದ ಒಂದಕ್ಕೆ ಏರಿದ ದಾರಿಯನ್ನು ಅರಿಯಲು ಸ್ಕೇಟರ್ ಮುಂದೆ ಹೋಗುವುದು ಹೇಗೆ ಎಂಬುದನ್ನು ಸ್ವಲ್ಪ ನೋಡಬೇಕು. ಓಡುವವರು ನೆಲವನ್ನು ಹಿಂದಕ್ಕೆ ಒದೆಯುತ್ತಾರೆ. ವೇಗ ಹೆಚ್ಚಿದಷ್ಟೂ ಪಾದವನ್ನು ಇನ್ನೂ ವೇಗವಾಗಿ ಹಿಂದಕ್ಕೆ ಬೀಸಬೇಕು. ಮನುಷ್ಯನ ಓಟಕ್ಕೆ ಇರುವ ದೊಡ್ಡ ಮಿತಿಗಳಲ್ಲಿ ಇದೂ ಒಂದು. ಸ್ಕೇಟರ್‌ಗಳು ಈ ಮಿತಿಯಿಂದ ಪಾರಾಗುತ್ತಾರೆ. ಬ್ಲೇಡು ತನ್ನ ಉದ್ದಕ್ಕೆ ಸರಾಗ ಜಾರುತ್ತದೆ, ಆದ್ದರಿಂದ ಆ ದಿಕ್ಕಿನಲ್ಲಿ ಒದ್ದರೆ ಹಿಡಿತ ಸಿಗುವುದಿಲ್ಲ. ಹಿಡಿತ ಸಿಗುವುದು ಅಡ್ಡಕ್ಕೆ ಮಾತ್ರ. ಹಾಗಾಗಿ ಅವರು ಜಾರುತ್ತಲೇ ಪಕ್ಕಕ್ಕೆ ಒತ್ತುತ್ತಾರೆ. ಬ್ಲೇಡು ಸಾಗುವ ದಿಕ್ಕಿಗೆ ತುಸು ಓರೆಯಾಗಿರುವುದರಿಂದ ಆ ಅಡ್ಡ ಒತ್ತಿನ ಒಂದು ಪಾಲು ಮುಂದೂಡುವ ಬಲವಾಗುತ್ತದೆ. ಹೊರಡುವಾಗಿನ ಮೊದಲ ಕೆಲವು ಹೆಜ್ಜೆಗಳು ಮಾತ್ರ ಓಟದಂತಿರುತ್ತವೆ. ಬೆರಳ ತುದಿ ಹೊರಕ್ಕೆ ತಿರುಗಿಸಿ, ಮಂಜುಗಡ್ಡೆಯನ್ನು ಕಚ್ಚಿ ಕಚ್ಚಿ ಮುಂದೆ ನೆಗೆಯುತ್ತಾರೆ. ಆಮೇಲೆ ಜಾರುವಿಕೆ ಶುರು.

ಒತ್ತು ಪಕ್ಕಕ್ಕೆ ಎಂದೆವಷ್ಟೆ. ಅದು ಎಷ್ಟು ಪಕ್ಕಕ್ಕೆ ಎಂಬುದರಲ್ಲೇ ಗುಟ್ಟಿದೆ. ಆಮ್‌ಸ್ಟರ್‌ಡ್ಯಾಮ್‌ನ ಫ್ರೇ ವಿಶ್ವವಿದ್ಯಾಲಯದಲ್ಲಿ ಖೆರಿಟ್ ಯಾನ್ ಫಾನ್ ಇಂಗೆನ್ ಸ್ಖೆನಾವ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಸ್ಕೇಟರ್‌ಗಳ ಚಲನೆಯನ್ನು ಫಿಲ್ಮಿನಲ್ಲಿ ಹಿಡಿದು ಅಳೆದರು. ಮೇಲಿನ ದರ್ಜೆಯವರನ್ನು ಉಳಿದವರಿಂದ ಬೇರ್ಪಡಿಸುತ್ತಿದ್ದುದು ಬರೀ ತೊಡೆಯ ಬಲವಲ್ಲ. ಅವರು ಹೆಚ್ಚು ಕೆಳಗೆ ಕೂರುತ್ತಿದ್ದರು, ಅವರ ಒತ್ತು ಹೆಚ್ಚು ಅಡ್ಡಡ್ಡವಾಗಿರುತ್ತಿತ್ತು. ಮೇಲಕ್ಕೆ ಒತ್ತಿದರೆ ಮೈ ಎದ್ದೇಳುತ್ತದೆ, ಪಕ್ಕಕ್ಕೆ ಒತ್ತಿದರೆ ವೇಗ ಏರುತ್ತದೆ. ಕೆಳಗೆ ಕೂತವರಿಗೆ ಇನ್ನೂ ಎರಡು ಲಾಭ. ಕಾಲು ಚಾಚಲು ಹೆಚ್ಚು ದೂರ ಸಿಗುತ್ತದೆ, ಗಾಳಿಗೆ ಸಿಗುವ ಮೈ ಕಡಿಮೆಯಾಗುತ್ತದೆ.

ಹಾಗಿದ್ದರೆ ಎಲ್ಲರೂ ಕೆಳಗೆ ಕೂರಬಹುದಲ್ಲ? ಕೂರಲಾಗುವುದಿಲ್ಲ. ಶಾಲೆಯಲ್ಲಿ ಮೇಷ್ಟ್ರು ಕೊಡುತ್ತಿದ್ದ ಕುರ್ಚಿಯಿಲ್ಲದೆ ಕುರ್ಚಿಯ ಮೇಲೆ ಕೂರುವ ಶಿಕ್ಷೆ ನೆನಪಿದ್ದವರಿಗೆ ತೊಡೆ ಎಷ್ಟು ಬೇಗ ಉರಿಯುತ್ತದೆಂಬುದು ಗೊತ್ತು. ಸ್ಕೇಟರ್ ಬೆನ್ನನ್ನು ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಬಗ್ಗಿಸಿ, ಮಂಡಿಯನ್ನು 110 ಡಿಗ್ರಿ ಆಸುಪಾಸಿಗೆ ಮಡಿಸಿ, ಅದೂ ಒಂಟಿ ಕಾಲಿನ ಮೇಲೆ ಈ ಭಂಗಿಯನ್ನು ಹಿಡಿಯಬೇಕು. ಬಿಗಿದ ತೊಡೆಯ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಅಮುಕುತ್ತದೆ. ರಕ್ತದ ಹರಿವು ಇಳಿಯುತ್ತದೆ, ಆಮ್ಲಜನಕ ಸಾಲದಾಗುತ್ತದೆ. 500 ಮೀಟರ್ ಓಟದ ಹೆಚ್ಚಿನ ಶಕ್ತಿ ಸ್ನಾಯುವಿನಲ್ಲೇ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟ್ ಮತ್ತು ಗ್ಲೈಕೋಜನ್‌ಗಳಿಂದ ಬರುತ್ತದೆ. ಮೊದಲಿನದು ಕೆಲವೇ ಸೆಕೆಂಡುಗಳಲ್ಲಿ ಬರಿದಾಗುತ್ತದೆ. ಎರಡನೆಯದು ಆಮ್ಲಜನಕವಿಲ್ಲದೆ ಒಡೆದಂತೆ ಸ್ನಾಯುವಿನ ಆಮ್ಲೀಯತೆ ಏರುತ್ತದೆ. ಕೊನೆಯ ನೂರು ಮೀಟರ್‌ಗೆ ಬರುವ ಹೊತ್ತಿಗೆ ಇಡೀ ದೇಹ ಎದ್ದು ನಿಲ್ಲು ಎನ್ನುತ್ತಿರುತ್ತದೆ. ಒಂದೆರಡು ಅಂಗುಲ ಮೇಲೆದ್ದರೂ ಸಾಕು, ತೊಡೆಗೆ ಹಾಯೆನಿಸುತ್ತದೆ, ಗಡಿಯಾರ ಕೈಬಿಡುತ್ತದೆ. ಬ್ಲೇರ್ ಏಳಲಿಲ್ಲ. ಅವರ ಓಟದ ಚಿತ್ರಗಳಲ್ಲಿ ಎದ್ದು ಕಾಣುವ ಗುಣವೇ ಇದು. ಮೊದಲ ತಿರುವಿನ ಬೆನ್ನು ಕೊನೆಯ ತಿರುವಿನಲ್ಲೂ ಹಾಗೇ ಇರುತ್ತದೆ.

1988ರ ಫೆಬ್ರುವರಿ 22, ಕ್ಯಾಲ್ಗರಿ. ಚಳಿಗಾಲದ ಒಲಿಂಪಿಕ್ಸ್‌ನ ಸ್ಪೀಡ್ ಸ್ಕೇಟಿಂಗ್ ಛಾವಣಿಯ ಕೆಳಗೆ ನಡೆದದ್ದು ಅದೇ ಮೊದಲು. ಪೂರ್ವ ಜರ್ಮನಿಯ ಕ್ರಿಸ್ಟಾ ರೋಥನ್‌ಬರ್ಗರ್ ಮೊದಲು ಓಡಿ 39.12 ಸೆಕೆಂಡಿನ ವಿಶ್ವದಾಖಲೆ ಬರೆದರು. ರೋಥನ್‌ಬರ್ಗರ್ ಸಾಮಾನ್ಯರಲ್ಲ. ಅದೇ ಕೂಟದಲ್ಲಿ 1000 ಮೀಟರ್ ಚಿನ್ನ ಗೆದ್ದರು, ಅದೇ ವರ್ಷ ಸೋಲ್‌ನ ಬೇಸಿಗೆ ಒಲಿಂಪಿಕ್ಸ್‌ನಲ್ಲಿ ಸೈಕ್ಲಿಂಗ್ ಸ್ಪ್ರಿಂಟ್ ಬೆಳ್ಳಿಯನ್ನೂ ತಂದರು. ಒಂದೇ ವರ್ಷ ಎರಡೂ ಒಲಿಂಪಿಕ್ಸ್‌ಗಳಲ್ಲಿ ಪದಕ ಗೆದ್ದವರು ಅವರೊಬ್ಬರೇ. ತೊಡೆಯನ್ನು ದುಡಿಸುವ ರೀತಿಯಲ್ಲಿ ಸೈಕ್ಲಿಂಗ್ ಮತ್ತು ಸ್ಕೇಟಿಂಗ್ ಎಷ್ಟು ಹತ್ತಿರದ ನೆಂಟರೆಂಬುದಕ್ಕೆ ಅವರ ಕಾಲುಗಳೇ ಸಾಕ್ಷಿ. ಬ್ಲೇರ್ ಅವರ ಸರದಿ ಬಂತು. 39.10.

ಅಂತರ ಸೆಕೆಂಡಿನ ನೂರರಲ್ಲಿ ಎರಡು ಪಾಲು. ಬ್ಲೇರ್ ಅವರ ಸರಾಸರಿ ವೇಗ ಗಂಟೆಗೆ 46 ಕಿಲೋಮೀಟರ್. ಆ ವೇಗದಲ್ಲಿ ಅಷ್ಟು ಹೊತ್ತಿಗೆ ಸಾಗುವ ದೂರ ಸುಮಾರು 26 ಸೆಂಟಿಮೀಟರ್. ಸ್ಕೇಟಿನ ಬ್ಲೇಡು ಇದಕ್ಕಿಂತ ಉದ್ದವಿರುತ್ತದೆ! ಅರ್ಧ ಕಿಲೋಮೀಟರ್ ಓಡಿ, ಒಂದು ಬ್ಲೇಡಿನಷ್ಟೂ ಇಲ್ಲದ ಅಂತರದಲ್ಲಿ ಚಿನ್ನ ಯಾರದೆಂದು ತೀರ್ಮಾನವಾಯಿತು.

ಇಂಥ ಅಂತರಗಳನ್ನು ಹುಡುಕಬೇಕಾದ ಜಾಗ ತಿರುವು. ಒಳ ಲೇನಿನ ತಿರುವಿನ ತ್ರಿಜ್ಯ 26 ಮೀಟರ್ ಆಸುಪಾಸು. ಸೆಕೆಂಡಿಗೆ 13 ಮೀಟರ್ ವೇಗದಲ್ಲಿ ಅಲ್ಲಿ ತಿರುಗಬೇಕಾದರೆ ದೇಹ ನೆಟ್ಟಗಿನ ಗೆರೆಯಿಂದ 33 ಡಿಗ್ರಿಗೂ ಹೆಚ್ಚು ಒಳಕ್ಕೆ ವಾಲಬೇಕು. ಕಾಲುಗಳ ಮೇಲಿನ ಹೊರೆ ದೇಹದ ತೂಕಕ್ಕಿಂತ ನೂರಕ್ಕೆ 20ರಷ್ಟು ಹೆಚ್ಚುತ್ತದೆ. ಮೊದಲೇ ಉರಿಯುತ್ತಿರುವ ತೊಡೆಗೆ ಇದು ಎರಡನೆಯ ಪೆಟ್ಟು. ಆದರೆ ತಿರುವು ಕೊಡುವುದೂ ಇದೆ. ನೇರ ಹಾದಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಒತ್ತಬೇಕು. ತಿರುವಿನಲ್ಲಿ ಎರಡೂ ಕಾಲು ಹೊರಮಗ್ಗುಲಿಗೇ ಒತ್ತುತ್ತವೆ, ಹೆಜ್ಜೆಗಳು ಬೇಗ ಬೇಗ ಬೀಳುತ್ತವೆ. ತಿರುವನ್ನು ಬಲ್ಲವರು ಅಲ್ಲಿ ವೇಗ ಹೆಚ್ಚಿಸಿಕೊಂಡು ಹೊರಬರುತ್ತಾರೆ. ಶಾರ್ಟ್ ಟ್ರ್ಯಾಕ್‌ನ ತಿರುವುಗಳು ಇದರ ಮೂರನೇ ಒಂದು ಭಾಗದಷ್ಟು ಕಿರಿದು. ಅಲ್ಲಿ ಪಳಗಿದವರಿಗೆ ಓವಲ್‌ನ ತಿರುವು ಹೆದರಿಸುವ ಜಾಗವಲ್ಲ.

ನಾಲ್ಕು ವರ್ಷದ ಬಳಿಕ ಫ್ರಾನ್ಸಿನ ಅಲ್ಬರ್ಟ್‌ವಿಲ್‌ನಲ್ಲಿ ಪರೀಕ್ಷೆಯೇ ಬದಲಾಯಿತು. ಅಲ್ಲಿಯ ಓವಲ್‌ಗೆ ಛಾವಣಿಯಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಈ ಆಟ ಬಯಲಿನಲ್ಲಿ ನಡೆದದ್ದು ಅದೇ ಕೊನೆ. ಬಿಸಿಲು, ಗಾಳಿ, ತೇವ ಎಲ್ಲವೂ ಮಂಜುಗಡ್ಡೆಯ ಮೇಲೆ ಕೈಯಾಡಿಸುತ್ತವೆ. ಮಂಜುಗಡ್ಡೆ ಜಾರುವುದು ಯಾಕೆ ಎಂಬ ಪ್ರಶ್ನೆಯೇ ನೂರೈವತ್ತು ವರ್ಷಕ್ಕಿಂತ ಹಳೆಯದು. ಬ್ಲೇಡಿನ ಒತ್ತಡಕ್ಕೆ ಅದು ಕರಗುತ್ತದೆ ಎಂಬ ಉತ್ತರ ಪಠ್ಯಪುಸ್ತಕಗಳಲ್ಲಿ ಬಹುಕಾಲ ಕೂತಿತ್ತು. ಲೆಕ್ಕ ಹಾಕಿದರೆ ಆ ಒತ್ತಡ ಕರಗುವ ಬಿಂದುವನ್ನು ಕೆಲವೇ ಡಿಗ್ರಿ ಇಳಿಸಬಲ್ಲದು. ಮೈನಸ್ 20ರಲ್ಲೂ ಜನ ಸ್ಕೇಟ್ ಮಾಡುವುದನ್ನು ಅದು ವಿವರಿಸುವುದಿಲ್ಲ. ಮಂಜುಗಡ್ಡೆಯ ಮೇಲ್ಪದರ ತನ್ನಷ್ಟಕ್ಕೇ ಸಡಿಲವಾಗಿರುತ್ತದೆ ಎಂಬ ಊಹೆಯನ್ನು ಮೈಕೆಲ್ ಫ್ಯಾರಡೆ 1850ರಲ್ಲೇ ಮುಂದಿಟ್ಟಿದ್ದರು. ಮೇಲ್ಪದರದ ಅಣುಗಳಿಗೆ ನೆರೆಯವು ಕಡಿಮೆ, ಹಿಡಿತವೂ ಕಡಿಮೆ, ಅವು ಸುಲಭವಾಗಿ ಹೊರಳುತ್ತವೆ. ಉಜ್ಜುವಿಕೆಯ ಶಾಖವೂ ಜೊತೆಗೂಡುತ್ತದೆ. 2018ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮತ್ತು ಮೈನ್ಸ್ ನಗರಗಳ ವಿಜ್ಞಾನಿಗಳು ನಡೆಸಿದ ಪ್ರಯೋಗದಲ್ಲಿ ಘರ್ಷಣೆ ಅತಿ ಕಡಿಮೆಯಿದ್ದದ್ದು ಮೈನಸ್ 7 ಡಿಗ್ರಿ ಆಸುಪಾಸಿನಲ್ಲಿ. ಅದಕ್ಕಿಂತ ತಣ್ಣಗಾದರೆ ಅಣುಗಳು ಬಿಗಿಯಾಗುತ್ತವೆ. ಅದಕ್ಕಿಂತ ಬೆಚ್ಚಗಾದರೆ ಮಂಜುಗಡ್ಡೆ ಮೆತ್ತಗಾಗಿ ಬ್ಲೇಡು ಅದನ್ನು ಉಳುತ್ತಾ ಸಾಗಬೇಕಾಗುತ್ತದೆ. ಒಳಾಂಗಣದಲ್ಲಿ ಈ ಹದವನ್ನು ಯಂತ್ರಗಳು ಕಾಯುತ್ತವೆ, ಬಯಲಿನಲ್ಲಿ ಕಾಯುವವರಿಲ್ಲ.

ಅಲ್ಬರ್ಟ್‌ವಿಲ್‌ನಲ್ಲಿ ಬ್ಲೇರ್ 500 ಮೀಟರ್ ಗೆದ್ದದ್ದು 40.33 ಸೆಕೆಂಡಿನಲ್ಲಿ, ಕ್ಯಾಲ್ಗರಿಗಿಂತ ಒಂದು ಸೆಕೆಂಡಿಗೂ ಹೆಚ್ಚು ನಿಧಾನವಾಗಿ. ಬೆಳ್ಳಿ ಚೀನಾದ ಯೆ ಚಿಯಾವೊಬೊ ಅವರಿಗೆ, 40.51. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಚೀನಾದ ಮೊದಲ ಪದಕ ಅದು. ಲೇನ್ ಬದಲಿಸುವ ಜಾಗದಲ್ಲಿ ಜೊತೆಗಾರ್ತಿ ದಾರಿ ಬಿಡಲಿಲ್ಲ, ತನ್ನ ಲಯ ಮುರಿಯಿತು ಎಂದು ಯೆ ದೂರಿದರು. ಅವರ ನೋವಿನಲ್ಲಿ ಹುರುಳಿತ್ತು. 0.18 ಸೆಕೆಂಡನ್ನು ಒಂದು ತಪ್ಪಿದ ಹೆಜ್ಜೆ ನುಂಗಬಲ್ಲದು. ಆದರೆ ಕೆಲವು ದಿನಗಳ ಬಳಿಕ 1000 ಮೀಟರ್‌ನಲ್ಲಿ ಮತ್ತೆ ಇದೇ ಇಬ್ಬರು. ಬ್ಲೇರ್ 1 ನಿಮಿಷ 21.90 ಸೆಕೆಂಡು, ಯೆ 1 ನಿಮಿಷ 21.92. ಮತ್ತೆ ಅದೇ ನೂರರಲ್ಲಿ ಎರಡು ಪಾಲು. ಎರಡು ಒಲಿಂಪಿಕ್ಸ್, ಎರಡು ಚಿನ್ನ, ಪ್ರತಿ ಬಾರಿಯೂ ಒಂದು ಗೇಣಿನಷ್ಟು ದೂರ. ಒಮ್ಮೆಯಾದರೆ ಅದೃಷ್ಟ ಎನ್ನಬಹುದು. ಎರಡು ಸಲ ಆದದ್ದನ್ನು ಅದೃಷ್ಟದ ಲೆಕ್ಕಕ್ಕೆ ಬರೆದರೆ ಅನ್ಯಾಯವಾಗುತ್ತದೆ.

ಬೇಸಿಗೆ ಮತ್ತು ಚಳಿಗಾಲದ ಕೂಟಗಳನ್ನು ಬೇರೆ ಬೇರೆ ವರ್ಷ ನಡೆಸಲು ಶುರುಮಾಡಿದ್ದರಿಂದ ಮುಂದಿನ ಒಲಿಂಪಿಕ್ಸ್ ಎರಡೇ ವರ್ಷಕ್ಕೆ ಬಂತು. 1994, ನಾರ್ವೆಯ ಲಿಲ್ಲೆಹಮ್ಮರ್. ಸ್ಕೇಟಿಂಗ್ ನಡೆದದ್ದು ಹತ್ತಿರದ ಹಮಾರ್ ಊರಿನಲ್ಲಿ, ಬೋರಲು ಹಾಕಿದ ವೈಕಿಂಗ್ ಹಡಗಿನಾಕಾರದ ಛಾವಣಿಯ ಕೆಳಗೆ. 500 ಮೀಟರ್‌ನಲ್ಲಿ ಬ್ಲೇರ್ ತೆಗೆದುಕೊಂಡದ್ದು 39.25 ಸೆಕೆಂಡು. ಅಂಕಿ ಮಾತ್ರ ನೋಡಿದರೆ ಇದು 1988ರ ಓಟಕ್ಕಿಂತ ಕಡಿಮೆ ದರ್ಜೆಯದು. ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ತೀರ್ಪು ಬದಲಾಗುತ್ತದೆ. ಕ್ಯಾಲ್ಗರಿ ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೂ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿ ಇರುವುದಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಹಮಾರ್ ಇರುವುದು ತಗ್ಗಿನಲ್ಲಿ, ಸರೋವರದ ದಂಡೆಯಲ್ಲಿ. ದಟ್ಟ ಗಾಳಿಯನ್ನು ಸೀಳಿ 39.25 ಮುಟ್ಟಿದ ಅದೇ ಕಾಲುಗಳು ಐದು ವಾರ ಕಳೆದು ಕ್ಯಾಲ್ಗರಿಯ ತೆಳು ಗಾಳಿಗೆ ಹೋದಾಗ 38.99 ಬಂತು. 39 ಸೆಕೆಂಡಿನ ಒಳಗೆ 500 ಮೀಟರ್ ಮುಗಿಸಿದ ಮೊದಲ ಮಹಿಳೆ ಬ್ಲೇರ್.

ಆದರೂ ಅವರ ಜೀವಮಾನದ ಓಟ ಯಾವುದೆಂದರೆ ದಾಖಲೆಗಳನ್ನು ಪಕ್ಕಕ್ಕಿಟ್ಟು ಹಮಾರ್‌ನ 1000 ಮೀಟರ್ ಓಟವನ್ನು ಎತ್ತಿಹಿಡಿಯಬೇಕು. 1 ನಿಮಿಷ 18.74 ಸೆಕೆಂಡು. ಎರಡನೆಯ ಸ್ಥಾನದ ಜರ್ಮನಿಯ ಆಂಕೆ ಬೈಯರ್ 1.38 ಸೆಕೆಂಡು ಹಿಂದಿದ್ದರು. ದೂರದಲ್ಲಿ ಹೇಳುವುದಾದರೆ ಸುಮಾರು 17 ಮೀಟರ್. ಎರಡು ವರ್ಷದ ಹಿಂದೆ ಇದೇ ಸ್ಪರ್ಧೆಯಲ್ಲಿ ಗೇಣಿನಿಂದ ಗೆದ್ದಿದ್ದವರು ಈಗ ಒಂದು ದೊಡ್ಡ ಬಸ್ಸಿಗಿಂತ ಉದ್ದದ ಅಂತರ ಬಿಟ್ಟಿದ್ದರು. 1000 ಮೀಟರ್‌ನಲ್ಲಿ ಐದು ತಿರುವುಗಳು, ತೊಡೆಯ ಉರಿ 500 ಮೀಟರ್‌ನ ಎರಡರಷ್ಟು ಹೊತ್ತು. ಕೆಳಗೆ ಕೂತೇ ಇರುವ ಶಕ್ತಿ ಎಷ್ಟು ಬೆಲೆಬಾಳುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. ಅದೇ ಕೂಟದ 1500 ಮೀಟರ್‌ನಲ್ಲಿ ಅವರು 0.03 ಸೆಕೆಂಡಿನಿಂದ ಕಂಚು ಕಳೆದುಕೊಂಡು ನಾಲ್ಕನೆಯವರಾದರು. ಆ ದೂರ ಸ್ಪ್ರಿಂಟರ್‌ಗಳದ್ದೇ ಅಲ್ಲ. ಅಲ್ಲಿಯವರೆಗೆ ಬಂದದ್ದೇ ದೊಡ್ಡದು.

ಒಟ್ಟು ಐದು ಒಲಿಂಪಿಕ್ ಚಿನ್ನ, ಒಂದು ಕಂಚು. 1989, 1994 ಮತ್ತು 1995ರಲ್ಲಿ ವಿಶ್ವ ಸ್ಪ್ರಿಂಟ್ ಪ್ರಶಸ್ತಿ. 1995ರ ಮಾರ್ಚ್ 18ರಂದು, ತಮ್ಮ 31ನೇ ಹುಟ್ಟುಹಬ್ಬದ ದಿನ, ಬ್ಲೇರ್ ಕ್ಯಾಲ್ಗರಿಯಲ್ಲಿ ಕೊನೆಯ ಬಾರಿ ಓಡಿದರು. 1000 ಮೀಟರ್, 1 ನಿಮಿಷ 18.05 ಸೆಕೆಂಡು, ಅಮೆರಿಕದ ಹೊಸ ದಾಖಲೆ. ಇಳಿಮುಖ ಕಾಣುವ ಮೊದಲೇ ಅವರು ಸ್ಕೇಟು ಬಿಚ್ಚಿದರು.

ಅವರು ನಿವೃತ್ತರಾದ ಎರಡೇ ವರ್ಷದಲ್ಲಿ ಆಟದ ಸ್ವರೂಪ ಬದಲಾಯಿತು. ಹಳೆಯ ಸ್ಕೇಟಿನಲ್ಲಿ ಬ್ಲೇಡು ಮುಂಗಾಲಿಗೂ ಹಿಮ್ಮಡಿಗೂ ಬಿಗಿದಿರುತ್ತಿತ್ತು. ಒತ್ತಿನ ಕೊನೆಯಲ್ಲಿ ಪಾದವನ್ನು ನೀಡಿದರೆ ಬ್ಲೇಡಿನ ತುದಿ ಮಂಜುಗಡ್ಡೆಗೆ ಕಚ್ಚಿಕೊಂಡು ವೇಗ ತಿನ್ನುತ್ತಿತ್ತು. ಹಾಗಾಗಿ ಸ್ಕೇಟರ್‌ಗಳು ಮೀನಖಂಡದ ಬಲವನ್ನು ಬಳಸದೆ, ಮಂಡಿ ಪೂರ್ತಿ ನೆಟ್ಟಗಾಗುವ ಮೊದಲೇ ಕಾಲೆತ್ತುವುದನ್ನು ಕಲಿತಿದ್ದರು. ಮೇಲೆ ಹೇಳಿದ ಆಮ್‌ಸ್ಟರ್‌ಡ್ಯಾಮ್‌ನ ತಂಡವೇ ಇದಕ್ಕೆ ಉಪಾಯ ಕಂಡುಹಿಡಿದಿತ್ತು. ಬೆರಳುಗಳ ಬುಡದಲ್ಲಿ ಒಂದು ಕೀಲು, ಜೊತೆಗೊಂದು ಸ್ಪ್ರಿಂಗ್. ಹಿಮ್ಮಡಿ ಮೇಲೆದ್ದರೂ ಬ್ಲೇಡು ಮಂಜುಗಡ್ಡೆಯ ಮೇಲೆ ಚಪ್ಪಟೆಯಾಗಿಯೇ ಉಳಿಯುತ್ತದೆ, ಆಮೇಲೆ ಟಪ್ಪೆಂದು ಬೂಟಿಗೆ ಮರಳುತ್ತದೆ. ಇದೇ ಕ್ಲ್ಯಾಪ್ ಸ್ಕೇಟ್. ಅನುಭವಿ ಆಟಗಾರರು ವರ್ಷಗಟ್ಟಲೆ ಇದನ್ನು ನಂಬಲಿಲ್ಲ. 1997ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ಟೋನಿ ಡಿ ಯೊಂಗ್ ಈ ಸ್ಕೇಟು ತೊಟ್ಟು ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಜರ್ಮನಿಯ ಗುಂಡಾ ನೀಮನ್ ಅವರನ್ನು ಸೋಲಿಸಿದ ಮೇಲೆ ಎಲ್ಲರೂ ಅದರ ಹಿಂದೆ ಬಿದ್ದರು. ಅದೇ ವರ್ಷದ ಡಿಸೆಂಬರ್ ಕೊನೆಗೆ ಕೆನಡಾದ ಕ್ಯಾಟ್ರಿಯೋನಾ ಲೆ ಮೇ ಡೋನ್ ಕ್ಯಾಲ್ಗರಿಯಲ್ಲಿ 37.55 ಸೆಕೆಂಡು ದಾಖಲಿಸಿದರು. 2013ರಲ್ಲಿ ದಕ್ಷಿಣ ಕೊರಿಯಾದ ಲೀ ಸಾಂಗ್-ಹ್ವಾ, ಕ್ಯಾಲ್ಗರಿಗಿಂತಲೂ ಎತ್ತರದ ಸಾಲ್ಟ್ ಲೇಕ್ ಸಿಟಿಯಲ್ಲಿ ಅದನ್ನು 36.36ಕ್ಕೆ ಇಳಿಸಿದರು.

ಈ ಅಂಕಿಗಳನ್ನು ಬ್ಲೇರ್ ಅವರ 38.69ರ ಪಕ್ಕದಲ್ಲಿಟ್ಟು ಅವರನ್ನು ಚಿಕ್ಕದಾಗಿ ನೋಡುವುದು ತಪ್ಪು. ಪ್ರತಿ ಹೆಜ್ಜೆಯ ಕೊನೆಯ ಒತ್ತನ್ನು ಸ್ಕೇಟೇ ಕಿತ್ತುಕೊಳ್ಳುತ್ತಿದ್ದ ಕಾಲದ ದಾಖಲೆ ಅದು. ಮುಂದಿನ ಚಳಿಗಾಲದ ಒಲಿಂಪಿಕ್ಸ್ ಟಿ.ವಿ.ಯಲ್ಲಿ ಬಂದಾಗ 500 ಮೀಟರ್ ಓಟವನ್ನು ದಯವಿಟ್ಟು ತಪ್ಪಿಸಬೇಡಿ. ಪರದೆಯ ಮೂಲೆಯ ಗಡಿಯಾರವನ್ನು ಬಿಟ್ಟು ಕೊನೆಯ ತಿರುವಿನಲ್ಲಿ ಆಟಗಾರ್ತಿಯ ಬೆನ್ನು ಮತ್ತು ಮಂಡಿಯನ್ನು ನೋಡಿ. ಯಾರು ಎದ್ದರು, ಯಾರು ಏಳಲಿಲ್ಲ ಎಂಬುದು ಕಣ್ಣಿಗೆ ಬಿದ್ದರೆ, ಪದಕ ಯಾರಿಗೆ ಎಂಬುದನ್ನು ಗೆರೆ ಬರುವ ಮೊದಲೇ ಬಹಳ ಸಲ ನೀವು ಹೇಳಬಲ್ಲಿರಿ.